ಗೆಳತಿಯ ಸಾಕ್ಷ್ಯಚಿತ್ರಕ್ಕೆ ನೀವೇ ವಸ್ತುವಾದಾಗ

ಬ್ಲಾಗ್ ಬರೆಯುವವರಿಗೆ ಒಂದು ಅಭ್ಯಾಸ ಉಂಟು, ಬರೆದದ್ದನ್ನು ತಿದ್ದುವುದು. ಪಬ್ಲಿಷ್ ಒತ್ತಿದ ಮೇಲೂ ತಿದ್ದುತ್ತೇವೆ. ರಾತ್ರಿ ಮಲಗಿದ ಮೇಲೆ ಒಂದು ಪದ ಸರಿ ಬರಲಿಲ್ಲ ಅನಿಸಿದರೆ ಎದ್ದು ಹೋಗಿ ಬದಲಿಸಿ ಬರುತ್ತೇವೆ. ನಾನು 2009ರಿಂದ ಹೀಗೇ ಬರೆಯುತ್ತಾ ಬಂದವಳು. ಉಡುಪಿಯ ಕುಂಜಿಬೆಟ್ಟಿನಲ್ಲಿ ಮನೆ, ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ, ಬ್ಲಾಗಿನಲ್ಲಿ ನಮ್ಮ ಕಡೆಯ ಸೊಪ್ಪು, ಗಡ್ಡೆ, ಮಳೆಗಾಲದ ಅಡುಗೆ. ನನ್ನ ಕಾಲೇಜಿನ ಗೆಳತಿಯೊಬ್ಬಳು ಈ ಬರವಣಿಗೆಯ ಮೇಲೆ 11 ನಿಮಿಷದ ಸಾಕ್ಷ್ಯಚಿತ್ರ ಮಾಡಿದಳು. ಕ್ಯಾಮೆರಾದ ಎದುರು ಆಡಿದ ಮಾತನ್ನು ತಿದ್ದುವ ಕೈ ನಮ್ಮದಲ್ಲ ಎಂದು ಗೊತ್ತಾದದ್ದು ಆಗ. ನಾವು ಆಡುತ್ತೇವೆ, ಕತ್ತರಿಸಿ ಜೋಡಿಸುವವಳು ಬೇರೆ. ನಮ್ಮ ಹಾಗೆ ಬರೆದು ಅಭ್ಯಾಸ ಇರುವವರಿಗೆ ಇದು ಕಷ್ಟ. ಎಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಎಲ್ಲಿ ಕೈ ಬಿಡಬೇಕು ಎಂದು ಕಲಿತದ್ದನ್ನು ಬರೆದಿಡುತ್ತೇನೆ. ನಿಮ್ಮ ಗೆಳೆಯರು ಯಾರಾದರೂ ಕ್ಯಾಮೆರಾ ಹಿಡಿದು ಬಂದರೆ ಪ್ರಯೋಜನವಾದೀತು.

ಒಪ್ಪುವ ದಿನವೇ ಕೂತು ಮಾತಾಡಿ

ಗೆಳತನ ಇದ್ದಲ್ಲಿ ಕಾಗದ ಯಾಕೆ ಅಂತ ನನಗೂ ಅನಿಸಿತ್ತು. ಕಾಗದ ಬೇಕೆಂದು ಹಟ ಹಿಡಿದವಳು ಅವಳೇ. "ನಾಳೆ ನಮ್ಮಿಬ್ಬರ ಮಧ್ಯ ಮಾತು ಬೆಳೆಯಬಾರದಲ್ಲ ಮಾರಾಯ್ತಿ, ಅದಕ್ಕೇ" ಅಂದಳು. ಒಂದೇ ಪುಟ. ಚಿತ್ರ ಎಲ್ಲೆಲ್ಲಿ ತೋರಿಸುತ್ತಾಳೆ, ಯೂಟ್ಯೂಬಿಗೆ ಹಾಕುತ್ತಾಳೋ ಇಲ್ಲವೋ, ಮೊದಲ ಜೋಡಣೆಯನ್ನು ನನಗೆ ತೋರಿಸುತ್ತಾಳೋ, ನೋಡಿದ ಮೇಲೆ ನಾನು ಏನನ್ನು ತೆಗೆಸಬಹುದು, ಏನನ್ನು ಕೇಳುವ ಹಾಗಿಲ್ಲ, ಇಷ್ಟನ್ನು ಬರೆದೆವು. ತಪ್ಪು ಮಾಹಿತಿ ಇದ್ದರೆ, ಮನೆಯವರ ಖಾಸಗಿ ಸಂಗತಿ ಬಂದಿದ್ದರೆ, ಯಾರಿಗಾದರೂ ಅಪಾಯ ಆಗುವಂಥದ್ದಿದ್ದರೆ ತೆಗೆಸಬಹುದು. ನನ್ನ ಮುಖ ಹೇಗೆ ಕಾಣುತ್ತದೆ, ಯಾವ ಮಾತು ಮೊದಲು ಬರುತ್ತದೆ, ಯಾವುದು ಬಿಟ್ಟುಹೋಗುತ್ತದೆ ಎಂಬುದರಲ್ಲಿ ನಾನು ಕೈ ಹಾಕುವ ಹಾಗಿಲ್ಲ. ಈ ಎರಡನೇ ಸಾಲಿಗೆ ಸಹಿ ಹಾಕುವಾಗ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆದರೆ ಚಿತ್ರ ಅವಳದ್ದು. ನನ್ನ ಬರಹವನ್ನು ಬೇರೆ ಯಾರಾದರೂ ವಾಕ್ಯ ವಾಕ್ಯ ತಿದ್ದಲು ಕೂತರೆ ನಾನು ಸಹಿಸುತ್ತೇನೆಯೇ ಎಂದು ಕೇಳಿಕೊಂಡೆ, ಸಹಿ ಹಾಕಿದೆ.

ಬ್ಲಾಗಿನ ಬರಹ, ಫೋಟೊಗಳ ಹಕ್ಕು ನಿಮ್ಮಲ್ಲೇ ಇರಲಿ. ಚಿತ್ರದಲ್ಲಿ ತೋರಿಸಲು, ಓದಲು ಅನುಮತಿ ಕೊಟ್ಟರೆ ಸಾಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ವರ್ಗಾಯಿಸುವುದಾದರೆ ಅದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಎಷ್ಟೆಂದು ಬರೆಯದಿದ್ದರೆ 5 ವರ್ಷ ಎಂದು ಲೆಕ್ಕ. ಅನುಮತಿ ಬೇರೆ, ವರ್ಗಾವಣೆ ಬೇರೆ. ಕಾಗದದಲ್ಲಿ ಯಾವ ಪದ ಇದೆ ಎಂದು ಓದಿಯೇ ಪೆನ್ನು ಎತ್ತಿ.

ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೇಳಿ. ನನ್ನ ಗಂಡ ತಾನು ಬರುವುದಿಲ್ಲ ಅಂದರು. ಹಾಗೆಂದರೆ ಮುಖ ಮಾತ್ರ ಅಲ್ಲ, ಧ್ವನಿಯೂ ಬರಬಾರದು, ಗೋಡೆಯ ಮೇಲಿನ ಮದುವೆ ಫೋಟೊವೂ ಬರಬಾರದು. ಅದನ್ನು ಗೆಳತಿಗೆ ಮೊದಲೇ ಹೇಳಿದ್ದರಿಂದ ಶೂಟಿಂಗಿನ ಹೊತ್ತಿಗೆ ಆ ಫೋಟೊ ಇಳಿದಿತ್ತು. ಅಮ್ಮ ಒಪ್ಪಿದರು. ಅವರಿಗೆ 78. ಮೊದಲ ದಿನ ಒಪ್ಪಿದ್ದು ಮೂರನೇ ದಿನಕ್ಕೂ ಒಪ್ಪಿಗೆ ಅಂತ ನಾವು ತಿಳಿಯಲಿಲ್ಲ. ದಿನಾ ಬೆಳಿಗ್ಗೆ ಹಿಂದಿನ ದಿನದ ಒಂದು ತುಣುಕನ್ನು ಅವರಿಗೆ ತೋರಿಸಿ, ಇವತ್ತೂ ತೆಗೆಯಬಹುದಾ ಎಂದು ಕೇಳುತ್ತಿದ್ದೆವು. ಎರಡನೇ ದಿನ ಬೇಡ ಅಂದರು. ಅವತ್ತು ಕ್ಯಾಮೆರಾ ಅವರತ್ತ ತಿರುಗಲಿಲ್ಲ.

ಹಳೆಯ ಬರಹಗಳನ್ನು ನೀವೇ ಓದಿ

ಶೂಟಿಂಗಿಗೆ ಒಂದು ವಾರ ಮೊದಲು ಬ್ಲಾಗನ್ನು ಮೊದಲಿನಿಂದ ಓದಿದೆ. ನಿಮ್ಮ ಬಗ್ಗೆ ಚಿತ್ರ ಮಾಡುವವರು ಅದನ್ನು ಓದಿಯೇ ಬರುತ್ತಾರೆ. ನಿಮಗೆ ಮರೆತುಹೋದದ್ದು ಅವರಿಗೆ ನೆನಪಿರುತ್ತದೆ. ಓದುತ್ತಾ ಐದು ಬರಹಗಳನ್ನು ಆರಿಸಿ ಅವಳಿಗೆ ಕೊಟ್ಟೆ. ಹೆಚ್ಚು ಜನ ಓದಿದ್ದನ್ನು ಆರಿಸಲಿಲ್ಲ, ಹಿಂದೆ ಏನಾದರೂ ನಡೆದ ಕಥೆ ಇರುವಂಥದ್ದನ್ನು ಆರಿಸಿದೆ. ಚಿತ್ರಕ್ಕೆ ಬೇಕಾದದ್ದು ಆ ಕಥೆ.

ಓದುವಾಗ ಮೊದಲ ವರ್ಷದ ಪರದಾಟ ನೆನಪಾಯಿತು. ಅದಕ್ಕೂ ಮುಂಚೆ ನನ್ನ ಟಿಪ್ಪಣಿಗಳೆಲ್ಲ ಹಳೆಯ ಕನ್ನಡ ಫಾಂಟಿನಲ್ಲಿದ್ದವು, ಎಲ್ಲ ಕಡೆ ಒಂದೇ ರೀತಿ ಓದಲು ಬರುವ ಯೂನಿಕೋಡ್ ಅಲ್ಲ. ಬ್ಲಾಗಿಗೆ ಅಂಟಿಸಿದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಸುಮಾರು 40 ಟಿಪ್ಪಣಿಗಳನ್ನು ಕೂತು ಮತ್ತೆ ಟೈಪ್ ಮಾಡಿದ್ದೆ. ಇದನ್ನು ಹೇಳಿದಾಗ ಗೆಳತಿ ಆ ಹಳೆಯ ಫೈಲೊಂದನ್ನು ತೆರೆಯಲು ಹೇಳಿ, ಆ ರಾಶಿ ಅಕ್ಷರಗಳನ್ನೇ ಪರದೆಯಲ್ಲಿ ತೆಗೆದಳು. ನಾನು ಮೂರು ವಾಕ್ಯದಲ್ಲಿ ವಿವರಿಸಬೇಕಾದದ್ದು ಎರಡು ಸೆಕೆಂಡಿನಲ್ಲಿ ಕಾಣುತ್ತದೆ. ಹಳೆಯ ಫೈಲು, ನೋಟ್‌ಪುಸ್ತಕ, ಬಣ್ಣ ಹೋದ ಪ್ರಿಂಟು ಏನಿದ್ದರೂ ಎತ್ತಿಡಿ, ಬಿಸಾಡಬೇಡಿ.

ಓದುಗರ ಕಮೆಂಟುಗಳ ವಿಷಯದಲ್ಲಿ ಜಾಗ್ರತೆ. ಅದರ ಜೊತೆ ಹೆಸರು, ಮುಖ ಇರುತ್ತದೆ. ಅವರು ನಿಮಗೆ ಬರೆದದ್ದೇ ಹೊರತು ಸಿನಿಮಾಕ್ಕೆ ಬರೆದದ್ದಲ್ಲ. ಚಿತ್ರದಲ್ಲಿ ಬರಬೇಕಾಗಿದ್ದ ಇಬ್ಬರಿಗೆ ನಾನು ಬರೆದು ಕೇಳಿದೆ. ಒಬ್ಬರು ಹೆಸರಿಲ್ಲದೆ ಬಳಸಿ ಅಂದರು, ಇನ್ನೊಬ್ಬರು ಉತ್ತರಿಸಲಿಲ್ಲ. ಉತ್ತರ ಬರದಿದ್ದದ್ದನ್ನು ಬಿಟ್ಟೆವು.

ಉಡುಗೆ, ಸದ್ದು, ಮಳೆ

ಸಣ್ಣ ಸಣ್ಣ ಚೌಕಳಿ, ಒತ್ತೊತ್ತಾದ ಗೆರೆ ಇರುವ ಬಟ್ಟೆ ಬೇಡ. ಕ್ಯಾಮೆರಾದಲ್ಲಿ ಅದು ನೀರಿನ ಹಾಗೆ ಅಲುಗಾಡುತ್ತದೆ. ರೇಷ್ಮೆಯೂ ಬೇಡ, ಕಾಲರ್ ಮೈಕಿಗೆ ಅದರ ಸರಸರ ಎಲ್ಲ ಕೇಳುತ್ತದೆ. ಒಂದೇ ಬಣ್ಣದ ಹತ್ತಿ ಸೀರೆ ಒಳ್ಳೆಯದು. ಮೈಕನ್ನು ಸೆರಗಿನ ಮಡಿಕೆಗೆ ಸಿಕ್ಕಿಸಿ, ತಂತಿಯನ್ನು ಒಳಗಿಂದ ತಂದು ಡಬ್ಬಿಯನ್ನು ಹಿಂದೆ ಸೊಂಟಕ್ಕೆ ಕಟ್ಟುತ್ತಾರೆ. ನನ್ನ ಕರಿಮಣಿ ಮೈಕಿಗೆ ಬಡಿಯುತ್ತಿತ್ತು. ಮೊದಲ ಅರ್ಧ ಗಂಟೆ ಯಾರಿಗೂ ಗೊತ್ತಾಗಲಿಲ್ಲ. ಆ ಅರ್ಧ ಗಂಟೆಯಲ್ಲಿ ಹೇಳಿದ ಒಂದು ಒಳ್ಳೆಯ ಮಾತು ಟಕ್ ಟಕ್ ಸದ್ದಿನಡಿ ಹೋಯಿತು. ಮರುದಿನ ಅದನ್ನು ಇನ್ನೊಮ್ಮೆ ಹೇಳಲು ನೋಡಿದೆ, ಆಗಲಿಲ್ಲ. ಮೈಕ್ ಹಾಕಿದ ಕೂಡಲೇ ಕತ್ತು ತಿರುಗಿಸಿ, ಕೈ ಎತ್ತಿ, ಎದ್ದು ಕೂತು ತೋರಿಸಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರು ಸರಿ ಅಂದ ಮೇಲೆಯೇ ಮಾತು ಶುರು ಮಾಡಿ. ಬಳೆ ತೆಗೆಯಬೇಕಾಯಿತು. ಅಮ್ಮನಿಗೆ ಬೋಳು ಕೈ ಇಷ್ಟವಾಗಲಿಲ್ಲ, ಅವರ ಸಮಾಧಾನಕ್ಕೆ ಒಂದೊಂದು ಬಳೆ ಉಳಿಸಿ ದಾರದಲ್ಲಿ ಕಟ್ಟಿಕೊಂಡೆ.

ಫ್ಯಾನು ನಿಲ್ಲಿಸಿ, ಫ್ರಿಜ್ಜನ್ನೂ ನಿಲ್ಲಿಸಿ. ಫ್ರಿಜ್ ನಿಲ್ಲಿಸಿದಾಗ ಮನೆಯ ಬೀಗದ ಕೈಯನ್ನು ಅದರೊಳಗೆ ಇಡಿ, ಹೊರಗೆ ಹೋಗುವಾಗ ತೆರೆಯಲೇಬೇಕಾಗುತ್ತದೆ, ಆಗ ಸ್ವಿಚ್ಚಿನ ನೆನಪೂ ಬರುತ್ತದೆ. ಟ್ಯೂಬ್‌ಲೈಟ್ ಹಾಕಿ ತೆಗೆಯುವಾಗ ಚಿತ್ರದಲ್ಲಿ ಬೆಳಕು ಮಿಣುಕುವುದುಂಟು. ನಮ್ಮ ಕರೆಂಟು 50 ಹರ್ಟ್ಸಿನದು, ಅದಕ್ಕೆ ಹೊಂದುವಂತೆ ಗೆಳತಿ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮು, 1/50 ಸೆಕೆಂಡಿನ ಶಟರು ಇಟ್ಟಿದ್ದಳು.

ನಮ್ಮ ಊರಿನಲ್ಲಿ ಮಳೆಯದ್ದೇ ದೊಡ್ಡ ಸಮಸ್ಯೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ತೆಗೆಯಬೇಕೆಂದು ಹೇಳಿದವಳು ನಾನೇ, ಯಾಕೆಂದರೆ ನನ್ನ ಬರವಣಿಗೆಯ ಸುಗ್ಗಿ ಅದು. ತಜಂಕ್ ಸೊಪ್ಪು, ತಿಮರೆ (ಒಂದೆಲಗ), ಕಣಿಲೆ (ಎಳೆ ಬಿದಿರು), ಮರಕೆಸು ಎಲ್ಲ ಆಗಲೇ. ಆದರೆ ನಮ್ಮ ಹಿಂದಿನ ಜಗಲಿಗೆ ತಗಡಿನ ಶೀಟು. ಮಳೆ ಹೊಡೆದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಆದ್ದರಿಂದ ಕೆಲಸದ ದೃಶ್ಯಗಳನ್ನು ಆಟಿಯಲ್ಲಿ ತೆಗೆದು, ಕೂತು ಮಾತಾಡುವ ಭಾಗದ ಹೆಚ್ಚಿನದನ್ನು ಡಿಸೆಂಬರಿಗೆ ಇಟ್ಟುಕೊಂಡೆವು. ನಿಮ್ಮ ಮನೆಯ ಸದ್ದು ನಿಮಗೆ ಗೊತ್ತು, ತೆಗೆಯಲು ಬರುವವರಿಗೆ ಗೊತ್ತಿಲ್ಲ. ಮೀನಿನವರ ಹಾರ್ನು ಎಷ್ಟು ಗಂಟೆಗೆ, ಪಕ್ಕದ ಮನೆಯ ಪಂಪು ಯಾವಾಗ, ದೇವಸ್ಥಾನದ ಮೈಕು ಯಾವಾಗ ಎಂದು ಒಂದು ಪಟ್ಟಿ ಬರೆದು ಕೊಡಿ. ಎಸಿ ಹಾಕಿದ ಕಾರಿನಿಂದ ಕ್ಯಾಮೆರಾ ಇಳಿಸಿದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ, ಅದು ಹೋಗುವವರೆಗೆ ಕಾಯಬೇಕು. ಆ ಹೊತ್ತಿಗೆ ಚಹಾ ಇಡಿ.

ಇನ್ನೊಂದು ಮಾತು. ಹೋಟೆಲಿನಲ್ಲೋ ಬಸ್ಸಿನಲ್ಲೋ ತೆಗೆಯುವಾಗ ಹಿಂದೆ ಸಿನಿಮಾ ಹಾಡು ಕೇಳುತ್ತಿದ್ದರೆ ಆ ತುಣುಕು ಬಳಸಲು ಕಷ್ಟ, ಹಾಡಿನ ಹಕ್ಕು ಬೇರೆಯವರದ್ದು. ರಥಬೀದಿಯ ಹತ್ತಿರ ಒಂದು ಹೋಟೆಲಿನಲ್ಲಿ ತೆಗೆದ ಒಳ್ಳೆಯ ನಾಲ್ಕು ನಿಮಿಷ ನಮಗೆ ಹಾಗೆ ಹೋಯಿತು.

ಮಾತಾಡುವ ಹೊತ್ತು

ಚಿತ್ರದಲ್ಲಿ ಪ್ರಶ್ನೆ ಕೇಳುವವರ ಧ್ವನಿ ಇರುವುದಿಲ್ಲ. "ಯಾವಾಗ ಶುರು ಮಾಡಿದ್ದು?" ಎಂದು ಕೇಳಿದರೆ "2009ರಲ್ಲಿ" ಎಂಬ ಉತ್ತರ ಯಾವ ಕೆಲಸಕ್ಕೂ ಬಾರದು. "ನಾನು ಬರೆಯಲು ಶುರು ಮಾಡಿದ್ದು 2009ರ ಮಳೆಗಾಲದಲ್ಲಿ" ಎಂದು ಪೂರ್ತಿ ಹೇಳಬೇಕು. ಪಾಠ ಮಾಡುವಾಗ ಮಕ್ಕಳಿಗೆ ಪೂರ್ಣ ವಾಕ್ಯದಲ್ಲಿ ಉತ್ತರಿಸಿ ಎನ್ನುವ ನನಗೆ ಇದು ಬೇಗ ರೂಢಿಯಾಯಿತು. ಅವರು ಪ್ರಶ್ನೆ ಮುಗಿಸಿದ ಮೇಲೆ ಒಂದು ಉಸಿರು ಬಿಟ್ಟು ಶುರು ಮಾಡಿ. ಮಾತು ಮುಗಿದ ಮೇಲೂ ಎರಡು ಸೆಕೆಂಡು ಸುಮ್ಮನಿರಿ, ಕತ್ತರಿಸಲು ಜಾಗ ಬೇಕು. ಲೆನ್ಸ್ ನೋಡಬೇಡಿ, ಗೆಳತಿಯ ಮುಖ ನೋಡಿ.

ಬರೆದುಕೊಂಡು ಬಂದದ್ದನ್ನು ಹೇಳಬೇಡಿ. ಬ್ಲಾಗಿನವರು ಎಡವುವುದು ಹೆಚ್ಚಾಗಿ ಇಲ್ಲೇ. ಮೊದಲ ದಿನ ಅವಳು "ಯಾಕೆ ಬರೀತೀ?" ಎಂದು ಕೇಳಿದಾಗ ನಾನು ನಮ್ಮ ಆಹಾರ ಸಂಸ್ಕೃತಿ, ಮುಂದಿನ ತಲೆಮಾರು, ಮರೆಯಾಗುತ್ತಿರುವ ಜ್ಞಾನ ಎಂದೆಲ್ಲ ಐದು ನಿಮಿಷ ಹೇಳಿದೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಅವಳು ಕ್ಯಾಮೆರಾ ನಿಲ್ಲಿಸಿದಳು. "ಇದು ಸ್ಕೂಲ್ ಡೇಯಲ್ಲಿ ಹೇಳುವಂಥದ್ದು ಆಯ್ತಲ್ಲ ಮಾರಾಯ್ತಿ. ಆ ಹುಣಿಸೆದ್ದು ಹೇಳು."

ಹುಣಿಸೆಯ ಕಥೆ ಇಷ್ಟು. 2012ರಲ್ಲಿ, ಕೆಸುವಿನ ಎಲೆಗೆ ಅರೆದ ಹಿಟ್ಟು ಹಚ್ಚಿ ಬೇಯಿಸುವ ಪತ್ರೊಡೆಯ ಬಗ್ಗೆ ಬರೆದಿದ್ದೆ. ಅಕ್ಕಿ, ಮೆಣಸು, ಕೊತ್ತಂಬರಿ, ಬೆಲ್ಲ, ಉಪ್ಪು ಎಲ್ಲ ಬರೆದವಳು ಹುಣಿಸೆಹುಳಿಯನ್ನು ಪಟ್ಟಿಯಲ್ಲಿ ಬಿಟ್ಟುಬಿಟ್ಟೆ. ನಮ್ಮ ಮನೆಯಲ್ಲಿ ಕೆಸುವಿನ ಎಲೆ ಅಂದಕೂಡಲೇ ಕೈ ತಾನಾಗಿ ಹುಣಿಸೆ ಭರಣಿಗೆ ಹೋಗುತ್ತದೆ, ಬರೆಯಬೇಕೆಂದು ಹೊಳೆಯಲಿಲ್ಲ. ಘಟ್ಟದ ಮೇಲಿನ ಒಬ್ಬ ಓದುಗರು ಜೀವನದಲ್ಲಿ ಮೊದಲ ಸಲ ಪತ್ರೊಡೆ ಮಾಡಿದ್ದರು, ನನ್ನ ಬರಹ ನೋಡಿ. ತಿಂದವರ ಗಂಟಲೆಲ್ಲ ತುರಿಸಿ, ಮನೆಗೆ ಬಂದ ನೆಂಟರ ಎದುರು ಅವರು ಪಟ್ಟ ಪಾಡನ್ನು ಬಹಳ ಮರ್ಯಾದೆಯಿಂದ ನನಗೆ ಬರೆದರು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ತುರಿಕೆ ಅದರಿಂದ. ಹುಳಿ ಹಾಕಿ, ಚೆನ್ನಾಗಿ ಬೇಯಿಸಿದರೆ ಅದು ತಗ್ಗುತ್ತದೆ. ವಿಜ್ಞಾನ ಕಲಿಸುವ ನನಗೆ ಇದು ಗೊತ್ತಿತ್ತು, ಗೊತ್ತಿದ್ದೂ ಬರೆಯಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಇವತ್ತಿನವರೆಗೆ, ಯಾವ ಅಡುಗೆ ಬರೆದರೂ ನಾನು ಬರೆದದ್ದನ್ನು ಅಮ್ಮನಿಗೆ ಓದಿ ಹೇಳುತ್ತೇನೆ, ಅವರು ಅದರಲ್ಲಿ ಇದ್ದದ್ದನ್ನು ಮಾತ್ರ ಹಾಕಿ ಅಡುಗೆ ಮಾಡುತ್ತಾರೆ. ಸರಿಯಾದರೆ ಪಬ್ಲಿಷ್.

ಇದನ್ನು ಹೇಳಿ ಮುಗಿಸಿದಾಗ ಗೆಳತಿ ಮತ್ತೆ ಯಾಕೆ ಬರೆಯುತ್ತೀ ಎಂದು ಕೇಳಲಿಲ್ಲ. ನಿಮ್ಮಲ್ಲೂ ಹೀಗೊಂದು ಇದ್ದೇ ಇರುತ್ತದೆ. ಅದನ್ನು ಹುಡುಕಿಟ್ಟುಕೊಳ್ಳಿ, ಆದರೆ ಬಾಯಿಪಾಠ ಮಾಡಬೇಡಿ.

ನಟಿಸಬೇಕಾದದ್ದು, ನಟಿಸಬಾರದ್ದು

ಬರೆಯುವುದು ಕಣ್ಣಿಗೆ ಕಾಣುವ ಕೆಲಸವಲ್ಲ. ಹಾಗಾಗಿ ಚಿತ್ರದವರು ಬೆರಳು, ಕೀಬೋರ್ಡು, ಪರದೆ ಇವನ್ನೇ ಹತ್ತು ಕಡೆಯಿಂದ ತೆಗೆಯುತ್ತಾರೆ. ಆಗ ಸುಮ್ಮನೆ ಕೀಲಿ ಒತ್ತಬೇಡಿ, ನಿಜವಾಗಿ ಬರೆಯಿರಿ. ನೋಡುವವರು ಕನ್ನಡಿಗರು, ಪರದೆಯ ಮೇಲಿನದನ್ನು ಓದುತ್ತಾರೆ. ನಾನು ಬಳಸುವುದು ಕಿನ್ನಿಕಂಬಳದ ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಬೇಕು. "ಅಕ್ಕ" ಎಂದು ಬರೆಯಲು ಎರಡು ಕ ನಡುವೆ ಬೆರಳು ಎಫ್‌ಗೆ ಹೋಗಿ ಬರುತ್ತದೆ. ಗೆಳತಿ ಆ ಒಂದು ಬೆರಳನ್ನೇ ಹಿಂಬಾಲಿಸಿ ತೆಗೆದಳು. ಚಿತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ದೃಶ್ಯ ಅದು. ಪರದೆ ತೆಗೆಯುವ ಮೊದಲು ಅಕ್ಷರ ದೊಡ್ಡದು ಮಾಡಿ, ವಾಟ್ಸಾಪ್, ಮೇಲ್ ಎಲ್ಲ ಮುಚ್ಚಿ. ನನ್ನ ಪರದೆಯ ಮೂಲೆಯಲ್ಲಿ ಒಮ್ಮೆ ಬ್ಯಾಂಕಿನ ಮೆಸೇಜು ಬಂದು ಇಡೀ ಟೇಕು ಬಿಡಬೇಕಾಯಿತು.

ದಿನಾ ಮಾಡುವ ಕೆಲಸವನ್ನು ಇನ್ನೊಮ್ಮೆ ಮಾಡಿ ತೋರಿಸು ಎಂದರೆ ತೋರಿಸಿ. ಸೊಪ್ಪು ಕೊಯ್ಯುವುದು, ನೀರು ಸೇದುವುದು, ಬಾಗಿಲು ತೆರೆಯುವುದು, ಮೂರು ಸಲ ಮಾಡಿದರೂ ಅದರಲ್ಲಿ ಸುಳ್ಳಿಲ್ಲ. ಆದರೆ ವರ್ಷಕ್ಕೊಮ್ಮೆ ನಡೆಯುವುದನ್ನು ಮತ್ತೆ ನಡೆಸಿ ತೋರಿಸಲು ನಾನು ಒಪ್ಪಲಿಲ್ಲ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲೇ ಪಾಲೆ (ಹಾಲೆ) ಮರದ ಕೆತ್ತೆಯನ್ನು, ಅಂದರೆ ತೊಗಟೆಯನ್ನು, ಕಲ್ಲಿನಿಂದ ಜಜ್ಜಿ ತೆಗೆದು ತರುತ್ತೇವೆ. ಕಬ್ಬಿಣ ತಾಗಿಸುವುದಿಲ್ಲ. ಅದರ ರಸಕ್ಕೆ ಬೆಳ್ಳುಳ್ಳಿ, ಓಮ, ಕಾಳುಮೆಣಸು ಅರೆದು ಹಾಕಿ, ಕಾಯಿಸಿದ ಬಿಳಿ ಕಲ್ಲಿನ ಒಗ್ಗರಣೆ ಕೊಟ್ಟು ಖಾಲಿ ಹೊಟ್ಟೆಗೆ ಕುಡಿಯುವುದು. ಆ ಕತ್ತಲಲ್ಲಿ ಕ್ಯಾಮೆರಾಕ್ಕೆ ಹೆಚ್ಚೇನೂ ಸಿಗಲಿಲ್ಲ. ಹತ್ತು ಗಂಟೆಗೆ ಬಿಸಿಲು ಬಂದಾಗ ಇನ್ನೊಮ್ಮೆ ಹೋಗಿ ಬರುವ ಎಂದಳು. ಆಗುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಅವಳು ಕತ್ತಲೆಯಲ್ಲಿ ಸಿಕ್ಕಿದ್ದ ಕಲ್ಲಿನ ಸದ್ದು, ಟಾರ್ಚಿನ ಒಂದು ಚೂರು ಬೆಳಕು, ಭಾವನ ಹೆಜ್ಜೆಯ ಸಪ್ಪಳ ಇಷ್ಟನ್ನೇ ಜೋಡಿಸಿದಳು. ಅದು ಹಗಲಿನ ನಾಟಕಕ್ಕಿಂತ ಬಹಳ ಚೆನ್ನಾಗಿ ಬಂದಿದೆ.

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಕೇಂದ್ರವಿದ್ದ ಮಂಗಳೂರಿನ ಬಲ್ಮಠಕ್ಕೆ ಒಂದು ದಿನ ಕರೆದುಕೊಂಡು ಹೋದಳು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟದ್ದು ಮಂಗಳೂರಿನಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರಿಂದ. ನಿಮ್ಮದಲ್ಲದ ಜಾಗಕ್ಕೆ ಕರೆದುಕೊಂಡು ಹೋದರೆ, ಅಲ್ಲಿ ನಾನು ಏನು ಮಾಡಬೇಕು ಎಂದು ಮೊದಲೇ ಕೇಳಿ. ಸುಮ್ಮನೆ ನಿಂತು ದೂರ ನೋಡುವುದಕ್ಕೆ ಒಪ್ಪಬೇಡಿ. ಅಲ್ಲಿ ನಾನು ಹೇಳಿದ್ದು ನನ್ನ ಮನಸ್ಸಿನಲ್ಲಿದ್ದದ್ದನ್ನು. ಆ ಪತ್ರಿಕೆ ಕಲ್ಲಚ್ಚಿನದು. ಕಲ್ಲಿನ ಮೇಲೆ ಇಳಿಸಿದ ಅಕ್ಷರ ತಿದ್ದುವುದು ಎಷ್ಟು ಕಷ್ಟ, ಹದಿನೈದು ದಿನಕ್ಕೊಮ್ಮೆ ಅಷ್ಟು ಕನ್ನಡವನ್ನು ತಪ್ಪಿಲ್ಲದೆ ಇಳಿಸಿದ ಕೈ ಯಾರದ್ದಿರಬಹುದು ಎಂದು. ಬಸ್ಸಿನ ಹಾರ್ನಿನಲ್ಲಿ ಮಾತು ಅಳಿಸಿಹೋಗಿತ್ತು. ಸಂಜೆ ಮನೆಗೆ ಬಂದು ಬಟ್ಟೆಯ ಕಪಾಟಿನ ಎದುರು ಕೂತು ಅದೇ ಮಾತನ್ನು ಧ್ವನಿ ಮಾತ್ರ ಮುದ್ರಿಸಿದೆವು. ಬಟ್ಟೆಗಳು ಸದ್ದು ಹೀರಿಕೊಳ್ಳುತ್ತವೆ, ಧ್ವನಿ ಸ್ವಚ್ಛವಾಗಿ ಬರುತ್ತದೆ.

ಪ್ರತಿ ಕೋಣೆಯಲ್ಲಿ ಕೆಲಸ ಮುಗಿದ ಮೇಲೆ ಅರ್ಧ ನಿಮಿಷ ಎಲ್ಲರೂ ಸುಮ್ಮನೆ ನಿಂತು ಆ ಕೋಣೆಯ ಮೌನವನ್ನು ಮುದ್ರಿಸುತ್ತಾರೆ, ಜೋಡಿಸುವಾಗ ಬೇಕಾಗುತ್ತದೆ. ಅಡುಗೆಮನೆಯಲ್ಲಿ ಹಾಗೆ ನಿಂತಿದ್ದಾಗ ಅಮ್ಮ ತುಳುವಿನಲ್ಲಿ "ಆಂಡಾ?" (ಆಯ್ತಾ?) ಎಂದು ಕೇಳಿದರು. ಇನ್ನೊಮ್ಮೆ ಮುದ್ರಿಸಿದೆವು. ಆ "ಆಂಡಾ" ಕೂಡ ಚಿತ್ರದಲ್ಲಿ ಉಳಿದಿದೆ.

ಮೊದಲ ಜೋಡಣೆ ನೋಡುವಾಗ

ಒಬ್ಬರೇ ನೋಡಿ, ಎರಡು ಸಲ ನೋಡಿ, ಮೊದಲ ಸಲ ಏನೂ ಬರೆದುಕೊಳ್ಳಬೇಡಿ. ಮೊದಲ ಸಲ ನನಗೆ ಕಂಡದ್ದು ನನ್ನ ಕೂದಲು, ನನ್ನ ದನಿ ಮಾತ್ರ. ಮರುದಿನ ನೋಡಿದಾಗ ವಿಷಯ ಕಂಡಿತು.

ಎರಡು ತಿದ್ದುಪಡಿ ಕೇಳಿದೆ. ಅಮ್ಮನ ತುಳು ಮಾತಿಗೆ ಹಾಕಿದ್ದ ಸಬ್‌ಟೈಟಲಿನಲ್ಲಿ ತಜಂಕ್ ನುಗ್ಗೆಸೊಪ್ಪಾಗಿತ್ತು. ತಜಂಕ್ ಅಂದರೆ ಚಗಟೆ, ಗದ್ದೆ ಬದಿಯಲ್ಲಿ ತಾನೇ ಹುಟ್ಟುವ ಗಿಡ. ಮನೆಮಾತು ಬೇರೆ ಭಾಷೆಯದ್ದಾದರೆ ಸಬ್‌ಟೈಟಲನ್ನು ಸಾಲು ಸಾಲಾಗಿ ನೀವೇ ಓದಿ.

ಎರಡನೆಯದು ಪಾಲೆಯದ್ದು. ಕತ್ತಲಲ್ಲಿ ಪಾಲೆಯೆಂದು ಕಾಸರಕದ ಕೆತ್ತೆ ತಂದು ಕುಡಿದು ಪ್ರಾಣ ಹೋದದ್ದು ನಮ್ಮ ಜಿಲ್ಲೆಗಳಲ್ಲಿ ಆಗಿದೆ. ಕಾಸರಕದಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿರುತ್ತವೆ. ಮರದ ಗುರುತು ಗೊತ್ತಿರುವವರು ಹಿಂದಿನ ದಿನ ಹಗಲಲ್ಲೇ ನೋಡಿ ಗುರುತು ಮಾಡಿ ಬರಬೇಕು ಎಂದು ನಾನು ಕ್ಯಾಮೆರಾದ ಎದುರು ಹೇಳಿದ್ದೆ. ವೇಗ ಕಡಿಮೆಯಾಗುತ್ತದೆ ಎಂದು ಅವಳು ಆ ವಾಕ್ಯ ತೆಗೆದಿದ್ದಳು. ನಾನು ಕಾಗದ ತೆಗೆದು ತೋರಿಸಲಿಲ್ಲ, ಹುಣಿಸೆಯ ಕಥೆ ಮಾತ್ರ ನೆನಪಿಸಿದೆ. ವಾಕ್ಯ ವಾಪಸು ಬಂತು, ಏಳು ಸೆಕೆಂಡು. ಮತ್ತೆ ನಾನು ಏನೂ ಕೇಳಲಿಲ್ಲ. ನನಗೆ ಇಷ್ಟವಿದ್ದ ಕಣಿಲೆಯ ಭಾಗ ಪೂರ್ತಿ ಹೋಗಿತ್ತು, ಅದನ್ನೂ ಕೇಳಲಿಲ್ಲ.

ಚಿತ್ರ ಎಲ್ಲರ ಕೈಗೆ ಹೋಗುವ ಮೊದಲು ಅದರಲ್ಲಿ ಇರುವವರಿಗೆಲ್ಲ ತೋರಿಸಿ. ಮತ್ತೆ ಬ್ಲಾಗಿಗೆ ಹೋಗಿ, ಚಿತ್ರದಲ್ಲಿ ಕಾಣುವ ಬರಹಗಳನ್ನು ಒಮ್ಮೆ ತೆರೆದು ನೋಡಿ, ಚಿತ್ರ ನೋಡಿದವರು ಮೊದಲು ಅಲ್ಲಿಗೇ ಬರುತ್ತಾರೆ. ನಾನು ಹಿಂದಿನ ರಾತ್ರಿ ಕೂತು ಕಾಣದೇ ಹೋಗಿದ್ದ ಮೂರು ಫೋಟೊ ಮತ್ತೆ ಹಾಕಿದೆ. ಪತ್ರೊಡೆಯ ಬರಹದಲ್ಲಿ "ಹುಣಿಸೆಹುಳಿ" ಎಂದು ಸೇರಿಸಿದ್ದೆನೇ ಹೊರತು ಅಳತೆ ಬರೆದಿರಲಿಲ್ಲ. ಅಮ್ಮನನ್ನು ಕೇಳಿದೆ. ಅವರು ಭರಣಿಯಿಂದ ತೆಗೆದು ಕೈಯಲ್ಲಿ ಉಂಡೆ ಮಾಡಿ ತೋರಿಸಿದರು, ಹತ್ತು ಎಲೆಗೆ ಒಂದು ಲಿಂಬೆಹಣ್ಣಿನಷ್ಟು. ಅದನ್ನು ಬರೆದು ಪಬ್ಲಿಷ್ ಒತ್ತಿದೆ.